ನಮ್ಮಕ್ಕನ ಮಗಳು

ಹಾಸನದ ಆ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು ಸಮಾಧಾನವಾಗಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಇವತ್ತು ಯಾವ ವಾರ, ಇದು ಯಾವ ಊರು, ಈಗ ಮಳೆಗಾಲವೋ ಬೇಸಿಗೆಯೋ. ನಮ್ಮ ಯಜಮಾನರು ವಾರ ತಪ್ಪು ಹೇಳಿದರು. ಊರು ಸರಿಯಾಗಿ ಹೇಳಿದರು. ಮಳೆಗಾಲದ ವಿಚಾರಕ್ಕೆ, "ಈಗೆಲ್ಲಿ ಮಳೆಗಾಲ, ಎಲ್ಲಿ ಬ್ಯಾಸ್ಗೆ, ಯಾರ್ಗೆ ಗೊತ್ತಾಯ್ತದೆ ಬುಡಿ ಮೇಡಂ" ಅಂದರು. ಡಾಕ್ಟರಮ್ಮ ನಕ್ಕರು. ನನಗೂ ಸ್ವಲ್ಪ ಧೈರ್ಯ ಬಂತು. ಇಷ್ಟು ಚೆನ್ನಾಗಿ ಮಾತಿಗೆ ಮಾತು ಕೊಡುವವರಿಗೆ ಎಂಥ ದೊಡ್ಡ ಕಾಯಿಲೆ ಇದ್ದೀತು ಅಂದುಕೊಂಡೆ. ಆಗ ಡಾಕ್ಟರಮ್ಮ ಪೆನ್ನಿನಿಂದ ನನ್ನ ಕಡೆ ತೋರಿಸಿ, "ಇವರು ಯಾರು?" ಎಂದು ಕೇಳಿದರು.

"ನಮ್ಮಕ್ಕನ ಮಗಳು" ಅಂದರು ನಮ್ಮ ಯಜಮಾನರು. ತಡವರಿಸಲೂ ಇಲ್ಲ, ಯೋಚನೆ ಮಾಡಲೂ ಇಲ್ಲ.

ಡಾಕ್ಟರಮ್ಮನ ಪೆನ್ನು ನಿಂತಿತು. ನನ್ನ ಕತ್ತಿನ ತಾಳಿಯನ್ನು ನೋಡಿದರು, ನನ್ನ ಮುಖ ನೋಡಿದರು. ನಾನು ಸೀರೆಯ ಸೆರಗು ಸರಿಮಾಡಿಕೊಂಡು, "ಅದೂ ಸರಿ ಮೇಡಂ. ನಾನು ಇವರ ಅಕ್ಕನ ಮಗಳೇ. ಸೋದರಮಾವನನ್ನೇ ಮದುವೆಯಾಗಿರೋದು" ಅಂದೆ. ಪಾಪ, ಅವರು ಇಕ್ಕಟ್ಟಿಗೆ ಸಿಕ್ಕಿಕೊಂಡರು. "ಹಾಗಾದ್ರೆ ಅಮ್ಮಾ, ಇದನ್ನ ಸರಿ ಅಂತ ಹಾಕ್ಲಾ, ತಪ್ಪು ಅಂತ ಹಾಕ್ಲಾ?" ಎಂದು ನನ್ನನ್ನೇ ಕೇಳಿದರು. ನಾನು "ಸರಿ ಅಂತಲೇ ಹಾಕಿ" ಅಂದೆ. ಗಂಡ ಪರೀಕ್ಷೆಯಲ್ಲಿ ಫೇಲಾಗುವುದನ್ನು ಕೂತು ನೋಡಲು ಯಾವ ಹೆಂಗಸಿಗೆ ಇಷ್ಟವಾಗುತ್ತದೆ?

ನಮ್ಮ ಕಡೆ ಇಂಥ ಮದುವೆ ಹೊಸದೇನಲ್ಲ. ಹೆಣ್ಣೂ ಹೊರಗೆ ಹೋಗಬಾರದು, ಹೊಲವೂ ಹೊರಗೆ ಹೋಗಬಾರದು ಎಂದು ಹಿರಿಯರು ಮಾಡಿಕೊಂಡಿದ್ದ ಏರ್ಪಾಡು. ಕಟ್ಟಾಯದ ಹತ್ತಿರದ ಹಳ್ಳಿಗೆ ನಮ್ಮವ್ವನನ್ನು ಕೊಟ್ಟಿದ್ದರು. ಅವ್ವನ ತವರು ಶಾಂತಿಗ್ರಾಮದ ಕಡೆ. ಅವ್ವನ ಒಬ್ಬನೇ ತಮ್ಮನಿಗೆ ನನ್ನನ್ನು ತಂದುಕೊಂಡರು. ಇದರಿಂದ ಆದ ಗೊಂದಲ ಒಂದೆರಡಲ್ಲ. ನನಗೆ ತುತ್ತಿಟ್ಟು ಸಾಕಿದ ಅಜ್ಜಿಯೇ ಅತ್ತೆಯಾದಳು. ಹೆತ್ತ ಅವ್ವನೇ ಸಂಬಂಧದ ಲೆಕ್ಕಕ್ಕೆ ನಾದಿನಿಯಾದಳು. ಅವಳ ಜೊತೆ ಜಗಳ ಬಂದಾಗಲೆಲ್ಲ, "ನಾದಿನಿ ಬುದ್ಧಿ ತೋರಿಸಬೇಡ" ಅನ್ನುತ್ತಿದ್ದೆ. ಅವ್ವ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಅಟ್ಟಿಸಿಕೊಂಡು ಬರುತ್ತಿದ್ದಳು. ನನ್ನ ಮಕ್ಕಳಿಗೆ ಅವಳು ಅಜ್ಜಿಯೂ ಹೌದು, ಅತ್ತೆಯೂ ಹೌದು. ಅವು ಹೇಗೆ ಕರೆದರೆ ತಿಂಡಿ ಸಿಗುತ್ತದೋ ಹಾಗೆ ಕರೆಯುತ್ತಿದ್ದವು.

ನಾನು ಹುಟ್ಟಿದಾಗ ನಮ್ಮ ಯಜಮಾನರು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗ. ರಜೆ ಬಂದರೆ ಸಾಕು, ಅಕ್ಕನ ಊರಿಗೆ ಬಂದು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿ ಸುತ್ತಿಸುತ್ತಿದ್ದರಂತೆ. ನನಗೆ ನೆನಪಿರುವುದು ಅದರ ಮುಂದಿನದು. ಸೈಕಲ್ಲಿನಲ್ಲಿ ಬರುವ ಮಾವ, ಜೇಬಿನಲ್ಲಿ ಕಡಲೆಪುರಿ ತರುವ ಮಾವ, ಕೊನೆಗೆ ಖಾಕಿ ಬಟ್ಟೆ ಹಾಕಿಕೊಂಡು ಸರ್ಕಾರಿ ಬಸ್ಸಿನ ಡ್ರೈವರ್ ಆದ ಮಾವ. ಊರಿನ ಮುಂದೆ ಅವರ ಬಸ್ಸು ಹೋದರೆ ನಾವು ಹುಡುಗಿಯರೆಲ್ಲ ಓಡಿಹೋಗಿ ನಿಲ್ಲುತ್ತಿದ್ದೆವು. ಪಿಯುಸಿ ಮುಗಿದಾಗ ನಾನು ಹಾಸನದಲ್ಲಿ ಟೀಚರ್ ಟ್ರೈನಿಂಗ್ ಸೇರುವ ಆಸೆಯಲ್ಲಿದ್ದೆ. ಅಷ್ಟರಲ್ಲಿ ಮದುವೆ ಗೊತ್ತುಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಓದು ಹೋಯಿತಲ್ಲ ಎಂದು ಅಜ್ಜಿಯ ಮುಂದೆ ಮುಖ ಊದಿಸಿಕೊಂಡು ಕೂತಾಗ ಅವಳು ನನ್ನ ತಲೆ ಬಾಚುತ್ತಾ, "ಅವ್ನೇ ಅಟ ಇಡ್ದು ಕೇಳ್ದ ಕಣೆ. ಆದ್ರೆ ಅಕ್ಕನ ಮಗಳ್ನೇ ಆಗೋದು, ಇಲ್ದಿದ್ರೆ ಮದ್ವೇನೇ ಬ್ಯಾಡ ಅಂತ ಕುಂತ್ಬುಟ್ಟ" ಅಂದಳು. ಆ ಒಂದು ಮಾತು ನನಗೆ ಇಡೀ ಸಂಸಾರಕ್ಕೆ ಸಾಕಾಯಿತು. ಜಗಳವಾದಾಗ, ಅವರು ತಟ್ಟೆ ತಳ್ಳಿ ಎದ್ದುಹೋದಾಗ, ಹಬ್ಬದ ದಿನವೂ ಡ್ಯೂಟಿ ಎಂದು ಮನೆ ಬಿಟ್ಟಾಗ, ನನ್ನನ್ನು ಕೇಳಿ ಪಡೆದವರಲ್ಲವೇ ಎಂದು ಮನಸ್ಸಿಗೆ ಹೇಳಿಕೊಂಡು ಸುಮ್ಮನಾಗುತ್ತಿದ್ದೆ.

ಹೊಳೆನರಸೀಪುರದಲ್ಲಿ ಸಂಸಾರ ಹೂಡಿದೆವು. ಅಕ್ಕಪಕ್ಕದ ಹೆಂಗಸರೆಲ್ಲ ಗಂಡಂದಿರನ್ನು "ರೀ" ಅನ್ನುವುದನ್ನು ಕೇಳಿ ನಾನೂ ಒಂದು ದಿನ ಧೈರ್ಯ ಮಾಡಿ "ರೀ, ಕಾಫಿ" ಅಂದೆ. ನಮ್ಮ ಯಜಮಾನರು ಹಿಂದಕ್ಕೆ ತಿರುಗಿ, "ಯಾರ್ನೇ ಕೂಗ್ತಿದ್ದೀಯ?" ಎಂದು ಕೇಳಿದರು. ಆಮೇಲೆ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಅವರು ನನಗೆ "ರೀ", ನಾನು ಅವರಿಗೆ "ಲೇ". ಅದಕ್ಕೆ ಮುಂಚೆ ನಾನು "ಮಗಾ", ಅವರು "ಮಾವ". ನಾಲ್ಕು ಪದಗಳಲ್ಲಿ ನಮ್ಮ ಚರಿತ್ರೆ ಮುಗಿಯಿತು. ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳುತ್ತಾ ಕೂರಲಾಗುತ್ತದೆಯೇ, ಹೊರಗೆ ಅಷ್ಟು ಜನ ಕಾಯುತ್ತಿರುವಾಗ?

ಈ ಮರೆವಿನ ಕಾಯಿಲೆ ಯಾವಾಗ ಶುರುವಾಯಿತು ಎಂದು ಎಲ್ಲರೂ ಕೇಳುತ್ತಾರೆ. ನೆಗಡಿಯೇ, ಇಂಥ ದಿನ ಶುರುವಾಯಿತು ಅನ್ನಲು? ಮೊದಲು ಹೋದದ್ದು ಕಿವಿ. ಹಳೆಯ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರನ ಪಕ್ಕದಲ್ಲೇ ಕೂತು ಗರ್ಜಿಸುತ್ತಿತ್ತು. ರಿಟೈರ್ ಆಗುವ ಹೊತ್ತಿಗೆ ಎಡಗಿವಿ ಪೂರ್ತಿ ಮಂದವಾಗಿತ್ತು. ಕಿವಿಗೆ ಮೆಷಿನ್ ಹಾಕಿಸೋಣ ಎಂದು ನಾನೂ ಮಗನೂ ಗೋಗರೆದೆವು. "ಇಷ್ಟು ವರ್ಸ ಪ್ಯಾಸೆಂಜರ್ ಗಲಾಟೆ ಕೇಳಿದ್ದು ಸಾಲ್ದಾ? ಈಗ ನಿನ್ನ ಗಲಾಟೇನೂ ಕೇಳ್ಬೇಕಾ?" ಅಂದರು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೇಳಿಸುವುದಿಲ್ಲವೆಂದು ಜಗಲಿಯ ಮೇಲಿನ ಹರಟೆಗೆ ಹೋಗುವುದು ಬಿಟ್ಟರು, ಮದುವೆ ಮುಂಜಿಗೆ ಹೋಗುವುದು ಬಿಟ್ಟರು. ಟಿವಿ ಮುಂದೆ ಕೂತು ಬಾಯಿ ಆಡುವುದನ್ನು ನೋಡುತ್ತಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾನು ಕೈಗಿಟ್ಟರೆ ನುಂಗುವುದು, ಇಲ್ಲದಿದ್ದರೆ ಇಲ್ಲ.

ಆಮೇಲೆ ಸಣ್ಣ ಸಣ್ಣದು. ಹೇಳಿದ್ದನ್ನೇ ಹೇಳುವುದು. ಊಟ ಮಾಡಿ ಕೈ ತೊಳೆದು ಬಂದು ಊಟಕ್ಕೆ ಕೂರುವುದು. ಒಂದು ದಿನ ನಮ್ಮ ತೋಟದ ತೆಂಗಿನಕಾಯಿ ವ್ಯಾಪಾರಕ್ಕೆಂದು ಚನ್ನರಾಯಪಟ್ಟಣದ ಮಾರುಕಟ್ಟೆಗೆ ಹೋದವರು ಸಂಜೆಯಾದರೂ ಬರಲಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು ಫೋನ್ ಮಾಡಿ, "ನಿಮ್ಮೋರು ಬಸ್ ಸ್ಟ್ಯಾಂಡಲ್ಲಿ ಕುಂತವ್ರೆ, ಯಾವ್ ಬಸ್ ಹತ್ಬೇಕು ಅಂತ ಗೊತ್ತಾಗ್ತಿಲ್ವಂತೆ" ಅಂದರು. ಆ ರಸ್ತೆಯಲ್ಲಿ ಎಷ್ಟು ವರ್ಷ ಬಸ್ಸು ಓಡಿಸಿದ ಮನುಷ್ಯ! ಮಗ ಹೋಗಿ ಕರೆದುಕೊಂಡು ಬಂದ. ಮನೆಗೆ ಬಂದವರು ನನ್ನ ಮೇಲೆ ರೇಗಿದರು. ಬಸ್ಸೇ ಬರಲಿಲ್ಲವೆಂದು ಸುಳ್ಳು ಹೇಳಿದರು. ಸುಳ್ಳು ಹೇಳುವಾಗ ಅವರ ಕಣ್ಣಿನಲ್ಲಿದ್ದ ಹೆದರಿಕೆ ನನಗೆ ಕಂಡಿತು.

"ಅರವತ್ತಕ್ಕೆ ಅರಳು ಮರಳು, ಬಿಡಿ" ಅಂದರು ಜನ. ಈ ಗಾದೆ ಕಟ್ಟಿದವನು ಸಿಕ್ಕರೆ ಎರಡು ಮಾತು ಕೇಳಬೇಕೆಂದಿದ್ದೇನೆ. ಎಷ್ಟು ಮನೆಗಳಲ್ಲಿ ಎಷ್ಟು ಜನರನ್ನು ಈ ಗಾದೆ ಡಾಕ್ಟರ ಹತ್ತಿರ ಹೋಗದ ಹಾಗೆ ಮಾಡಿದೆಯೋ. ವಯಸ್ಸಾಯಿತು ಅಂತ ಮರೆತರು ಅಂದುಬಿಟ್ಟರೆ ಆಯಿತು, ಯಾರೂ ಏನೂ ಮಾಡುವ ಹಾಗಿಲ್ಲ. ನಾವೂ ಅದನ್ನೇ ಹೇಳಿಕೊಂಡು ಕೂತೆವು. ಹಾಸನಕ್ಕೆ ಹೋಗಿ, ತಲೆಯ ಸ್ಕ್ಯಾನಿಂಗ್ ಆಗಿ, ಡಾಕ್ಟರಮ್ಮ ನಿಧಾನವಾಗಿ ವಿವರಿಸಿದಾಗ ನನಗೆ ಅರ್ಥವಾಗಿದ್ದು ಇಷ್ಟು: ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದನ್ನು ಹಿಡಿದುಕೊಳ್ಳಬೇಕು. ಕಿವಿ ಕೇಳಿಸದಿದ್ದರೆ ಮಾತು ಕಮ್ಮಿ, ಮಾತು ಕಮ್ಮಿಯಾದರೆ ಮಿದುಳಿಗೆ ಕೆಲಸ ಕಮ್ಮಿ. ಅದಕ್ಕೇ ಮೆಷಿನ್ ಹಾಕಿಸಿ. ದಿನಾ ನಡೆಸಿ. ಬಿ.ಪಿ., ಸಕ್ಕರೆ ಏರದ ಹಾಗೆ ನೋಡಿಕೊಳ್ಳಿ. ಬೀಡಿ ಬಿಡಿಸಿ. ಚೆನ್ನಾಗಿ ನಿದ್ದೆ ಮಾಡಲಿ. ಜನರ ಜೊತೆ ಬೆರೆಯಲಿ. ಎಲ್ಲ ಸರಿಯೇ. ಆದರೆ ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೊನೆಯಲ್ಲಿ ಅವರು ನನ್ನ ಕಡೆ ತಿರುಗಿ, "ಇದೆಲ್ಲ ನಿಮಗೂ ಸೇರಿಸಿಯೇ ಹೇಳ್ತಿರೋದು ಅಮ್ಮಾ. ನಿಮಗಿನ್ನೂ ಟೈಮಿದೆ" ಅಂದರು.

ಆ ಮಾತು ನನ್ನ ನಿದ್ದೆ ಕೆಡಿಸಿತು. ಒಳಮನೆಗೆ ಹುಣಸೇಹಣ್ಣು ತರಲು ಹೋಗಿ ಯಾಕೆ ಬಂದೆ ಎಂದು ನಿಂತುಬಿಟ್ಟರೆ ಮೊದಲೆಲ್ಲ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಅಂಗನವಾಡಿಯಲ್ಲಿ ನಾನು ಕಲಿಸಿದ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತೇನೆ. ಯಾರದೋ ಒಂದು ಹೆಸರು ಸಿಗದಿದ್ದರೆ ಅವತ್ತೆಲ್ಲ ಅನ್ನ ಸೇರುವುದಿಲ್ಲ. ಇಬ್ಬರಿಗೂ ಬಂದುಬಿಟ್ಟರೆ ಯಾರು ಯಾರ ಬಾಯಿಗೆ ಮಾತ್ರೆ ಹಾಕುವುದು?

ಇರಲಿ. ಹೇಳಿದ್ದೆಲ್ಲ ಮಾಡಿದೆ. ಅರಕಲಗೂಡಿಗೆ ಕೊಟ್ಟ ಮಗಳು ಗದ್ದೆ ಬದುವಿನಿಂದ ಒಂದೆಲಗದ ಸೊಪ್ಪು ಕಿತ್ತು ಬಸ್ಸಿನಲ್ಲಿ ಕಳಿಸುತ್ತಿದ್ದಳು. ಅದನ್ನು ಚಟ್ನಿ ಮಾಡಿದೆ, ತಂಬುಳಿ ಮಾಡಿದೆ. ಡಾಕ್ಟರಮ್ಮ, "ತಿನ್ನಲಿ, ಸೊಪ್ಪು ಒಳ್ಳೇದೇ, ಆದ್ರೆ ಅದ್ರಿಂದ ವಾಸಿಯಾಗುತ್ತೆ ಅಂತ ಕಾಯಬೇಡಿ" ಅಂದಿದ್ದರು. ನಾನು ಕಾಯುತ್ತಲೇ ಇದ್ದೆ. ಪಕ್ಕದ ಮನೆಯಾಕೆ ಬಾದಾಮಿ ನೆನೆಸಿ ಕೊಡಿ ಅಂದರು, ಕೊಟ್ಟೆ. ಕಿವಿಯ ಮೆಷಿನ್ ಕೊನೆಗೂ ಬಂತು. ಅದನ್ನು ಹಾಕಿದ ದಿನ ಕುಕ್ಕರ್ ಕೂಗಿದ್ದಕ್ಕೆ ನಮ್ಮ ಯಜಮಾನರು ಬ್ರೇಕ್ ತುಳಿದ ಹಾಗೆ ಕಾಲು ನೆಲಕ್ಕೆ ಒತ್ತಿದರು. ಆಮೇಲೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ನಾನು ಅಂಗಿ ನೆನೆಸುವ ಮುಂಚೆ ಜೇಬು ತಡಕುವುದು, ಇದೇ ಒಂದು ಉದ್ಯೋಗವಾಯಿತು.

ಒಂದು ಬೆಳಿಗ್ಗೆ ನನ್ನನ್ನು ಬಚ್ಚಲುಮನೆಯಿಂದ ಆಚೆಗೆ ಹಾಕಿದರು.

ಸ್ವಲ್ಪ ದಿನದಿಂದ ನಾನೇ ಸ್ನಾನ ಮಾಡಿಸುತ್ತಿದ್ದೆ. ಬಿಟ್ಟರೆ ಬರೀ ಕಾಲಿಗೆ ನೀರು ಹಾಕಿಕೊಂಡು ಬರುತ್ತಿದ್ದರು. ಅವತ್ತು ನಾನು ಬೆನ್ನು ಉಜ್ಜಲು ಕೈ ಹಾಕಿದೆ. ಬೆಂಕಿ ತಗುಲಿದವರ ಹಾಗೆ ಎದ್ದು ನಿಂತು, ಟವೆಲ್ ಎಳೆದುಕೊಂಡು ಮೈ ಮುಚ್ಚಿಕೊಂಡರು. "ಏನವ್ವ ಇದು? ಬೆಳ್ದ ಎಣ್ಣುಮಗಳು ಇಲ್ಲೀಗಂಟ ಬರ್ಬೋದಾ? ಯಾರಾದ್ರೂ ನೋಡಿದ್ರೆ ಏನಂದಾರು? ಆಚೀಗ್ ಓಗು, ಓಗು" ಅಂದರು. ಬೈಗುಳದ ದನಿಯಲ್ಲ ಅದು. ನಾಚಿಕೆಯ, ಬೇಡಿಕೊಳ್ಳುವ ದನಿ. ಕೈಯಲ್ಲಿ ಸೋಪು ಹಿಡಿದುಕೊಂಡು ಬಾಗಿಲಾಚೆ ನಿಂತೆ. ಹಾಸನದಲ್ಲಿ ಸರಿ ಅಂತ ಹಾಕಿಸಿದ ಉತ್ತರ ತಪ್ಪಾಗಿತ್ತು ಎಂದು ನನಗೆ ಗೊತ್ತಾಗಿದ್ದು ಅಲ್ಲಿ. ನನ್ನ ಮುಖ ಅವರು ಮರೆತಿರಲಿಲ್ಲ. ಬರೀ ಮದುವೆಯನ್ನು ಮರೆತಿದ್ದರು.

ಮಗ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ನಮ್ಮ ಜೊತೆಯಲ್ಲೇ ಇದ್ದಾನೆ. ಅವತ್ತಿನಿಂದ ಕೆಲಸಕ್ಕೆ ಹೋಗುವ ಮುಂಚೆ ಅವನೇ ಅಪ್ಪನಿಗೆ ನೀರು ಹಾಕತೊಡಗಿದ. ಅವನನ್ನು ನಮ್ಮ ಯಜಮಾನರು ತಮ್ಮ ಜೊತೆಯ ಕಂಡಕ್ಟರ್ ಅಂದುಕೊಂಡಿದ್ದರು. "ಟಿಕೆಟ್ ಎಲ್ಲಾ ಆಯ್ತಾ?" ಎಂದು ಕೇಳುತ್ತಿದ್ದರು. ಅವನು "ಆಯ್ತಣ್ಣ" ಅನ್ನುತ್ತಿದ್ದ. ಹೇಗೆ ಅಷ್ಟು ಬೇಗ ಒಪ್ಪಿಕೊಂಡನೋ. ನನಗೆ ಆಗಲಿಲ್ಲ. ನಾನು ಹೆಂಡತಿ ಎಂದು ಸಾಧಿಸಿ ತೋರಿಸಲು ಹೊರಟೆ.

ಮದುವೆಯ ಫೋಟೋ ತಂದು ಮುಂದೆ ಹಿಡಿದೆ. "ಇದ್ಯಾರು ನೋಡಿ?" ಅಂದೆ. ಪೇಟ ಕಟ್ಟಿಕೊಂಡ ತಮ್ಮನ್ನೇ ಬಹಳ ಹೊತ್ತು ನೋಡಿ, "ಯಾವನೋ ಎದ್ರುಕೊಂಡವ್ನೆ, ಪಾಪ" ಅಂದರು. ಪಕ್ಕದ ಹುಡುಗಿಯನ್ನು ತೋರಿಸಿದೆ. ಅವರ ಮುಖ ಅರಳಿತು. "ನೀನಲ್ವಾ ಮಗಾ!" ತಾಳಿ ಎತ್ತಿ ತೋರಿಸಿ, "ಇದನ್ನ ಕಟ್ಟಿದ್ದು ಯಾರು?" ಅಂದೆ. ಅವರು ನನ್ನ ಕತ್ತನ್ನು ನೋಡಿ, ಗಾಬರಿಯಾಗಿ, "ಯಾವಾಗಾಯ್ತು? ಅಕ್ಕ ನಂಗ್ಯಾಕೆ ಯೋಳ್ಲಿಲ್ಲ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅಕ್ಕನ ಮಗಳ ಮದುವೆಗೆ ತಮ್ಮನ್ನು ಕರೆಯಲಿಲ್ಲವೆಂದು ಅವತ್ತು ಊಟ ಮಾಡಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಆದರೂ ಒಂದು ಮಾತು ಹೇಳಬೇಕು. ಗಂಡನಾಗಿ ಅವರು ನನಗೆ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಟ್ಟವರಲ್ಲ. ಈಗ ಕೊಡುತ್ತಿದ್ದರು. ಬಿಸಿಲಿಗೆ ಹೋದರೆ ತಲೆ ಮೇಲೆ ಸೆರಗು ಹಾಕಿಕೋ ಅನ್ನುತ್ತಿದ್ದರು. ನಾನು "ರೀ" ಎಂದು ಕೂಗಿದರೆ ಗೋಡೆಯ ಹಾಗೆ ಕೂತಿರುವ ಮನುಷ್ಯ, "ಮಾವ" ಅಂದರೆ ಸಾಕು, ಕಿವಿ ಮಂದವಿದ್ದರೂ ತಿರುಗಿ ನೋಡುತ್ತಿದ್ದರು. ಹಳೆಯ ಪ್ರೀತಿ ಇಷ್ಟೊಂದು ಒಳಗಿತ್ತಾ ಎಂದು ಆಶ್ಚರ್ಯವಾಗುತ್ತಿತ್ತು. ಆದರೆ ಅದು ನನ್ನದಲ್ಲ, ಯಾವಳೋ ಎರಡು ಜಡೆಯ ಹುಡುಗಿಯದು ಅನಿಸುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ಒರಟು "ಲೇ". ಒಂದೇ ಒಂದು ಸಲ "ಲೇ, ಎಲ್ ಸತ್ತೋದೆ?" ಎಂದು ಕೂಗಲಿ ಎಂದು ದೇವರಿಗೆ ಹರಕೆ ಹೊತ್ತೆ. ಹೀಗೆ ಬೈಸಿಕೊಳ್ಳಲು ಹರಕೆ ಹೊತ್ತ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಸಂಜೆಯಾದರೆ ಅವರಿಗೆ ಚಡಪಡಿಕೆ. "ಕತ್ಲಾಯ್ತದೆ, ನಡಿಯವ್ವ, ಬಸ್ ಹತ್ತಿಸ್ತೀನಿ. ಅಕ್ಕ ಕಾಯ್ತಿರ್ತಾಳೆ" ಅನ್ನುತ್ತಿದ್ದರು. ಅವ್ವ ಸತ್ತು ಎಷ್ಟೋ ವರ್ಷವಾಗಿದೆ. ಇಲ್ಲ ಅಂದರೆ ಮತ್ತೆ ಹೊಸದಾಗಿ ಅಳುತ್ತಾರೆ. ಅದಕ್ಕೆ ನಾನು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡುತ್ತಿದ್ದೆ. ಬಸ್ ಸ್ಟ್ಯಾಂಡಿನವರೆಗೆ ನಡೆದು, ಕಟ್ಟಾಯದ ಕಡೆಯ ಬಸ್ಸು ಹೋಯಿತಂತೆ, ನಾಳೆ ಹೋಗುತ್ತೇನೆ ಎಂದು ಸುಳ್ಳು ಹೇಳಿ ವಾಪಸ್ಸು ಬರುವುದು. ನಡೆಸಿ ಎಂದು ಡಾಕ್ಟರಮ್ಮ ಹೇಳಿದ್ದೂ ಆಯಿತು, ಅಕ್ಕನ ಮಗಳನ್ನು ಕಳಿಸಲು ಹೊರಟಿದ್ದೂ ಆಯಿತು.

ಒಂದು ಸಂಜೆ ಹಾಸನದ ಬಸ್ಸೊಂದು ಬಾಗಿಲು ತೆರೆದುಕೊಂಡೇ ನಿಂತಿತ್ತು. ನಾನು ಮಾತು ಹುಡುಕುವಷ್ಟರಲ್ಲಿ ನಮ್ಮ ಯಜಮಾನರು ನನ್ನ ರೆಟ್ಟೆ ಹಿಡಿದು ಹತ್ತಿಸಿದರು. ನನ್ನನ್ನು ಡ್ರೈವರನ ಹಿಂದಿನ ಸೀಟಿನಲ್ಲಿ ಕೂರಿಸಿದರು. ತಾವೂ ಪಕ್ಕದಲ್ಲಿ ಕೂರುತ್ತಾರೆ, ಒಂದು ಸ್ಟಾಪು ಹೋಗಿ ಇಳಿದರಾಯಿತು ಎಂದು ಜರುಗಿ ಜಾಗ ಬಿಟ್ಟೆ. ಅವರು ಕಂಡಕ್ಟರನ ಕಡೆ ತಿರುಗಿ, "ನಮ್ಮಕ್ಕನ ಮಗಳು ಕಣಪ್ಪ. ಒಬ್ಳೇ ಓಗ್ತಾವ್ಳೆ. ಕಟ್ಟಾಯದ್ ಬಸ್ಸಿಗೆ ಉಸಾರಾಗಿ ಹತ್ಸು" ಅಂದರು. ಆ ಕಂಡಕ್ಟರ್ ನರೆತ ತಲೆಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಅವನಿಗೆ ಏನು ಹೇಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಯಜಮಾನರು ಇಳಿದುಹೋಗಿದ್ದರು. ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದು, "ರೈಟ್ ರೈಟ್" ಅಂದರು. ಹಳೆಯ ಡ್ರೈವರನ ಕೈ, ಅಳುಕಿಲ್ಲದ ಬಡಿತ. ಬಸ್ಸು ಹೊರಟೇಬಿಟ್ಟಿತು.

"ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿಕೊಂಡೆ. ಕಿಟಕಿಯಲ್ಲಿ ನೋಡಿದರೆ ಅವರು ಕೈ ಬೀಸುತ್ತಿದ್ದರು. ಮುಖದ ತುಂಬ ನೆಮ್ಮದಿ. ಬಸ್ಸು ರಸ್ತೆಯ ತಿರುವಿನ ಆಚೆ ನಿಂತಿತು. ಇಳಿದು ಓಡಿದೆ. ಮಂಡಿನೋವಿನ ಹೆಂಗಸು ಓಡಿದರೆ ಎಷ್ಟು ಓಡಿಯಾಳು? ಅಷ್ಟರಲ್ಲಿ ಎಲ್ಲಿಗೆ ಹೋಗಿಬಿಡುತ್ತಾರೋ, ಯಾವ ಬಸ್ಸಿನ ಚಕ್ರಕ್ಕೆ ಸಿಗುತ್ತಾರೋ ಎಂದು ಬಾಯಿಗೆ ಬಂದ ದೇವರನ್ನೆಲ್ಲ ಕೂಗಿದೆ. ಅವರು ಅಲ್ಲೇ ಇದ್ದರು. ಕಂಟ್ರೋಲರ್ ಕಿಟಕಿಯ ಮುಂದೆ ನಿಂತು ಡ್ಯೂಟಿ ಕೇಳುತ್ತಿದ್ದರು. ಒಳಗಿದ್ದವರು ಹಳಬರು, ಗುರುತಿನವರು. ಮುಖ ತಗ್ಗಿಸಿಕೊಂಡು, "ಇವತ್ತು ಇಲ್ಲ ಅಣ್ಣ, ನಾಳೆ" ಅನ್ನುತ್ತಿದ್ದರು. ನನ್ನನ್ನು ಕಂಡದ್ದೇ ನಮ್ಮ ಯಜಮಾನರ ನೆಮ್ಮದಿ ಹೋಯಿತು. "ಯಾಕವ್ವ ವಾಪಸ್ ಬಂದ್ಬುಟ್ಟೆ? ಅಷ್ಟ್ ಯೋಳಿ ಕಳ್ಸಿದ್ನಲ್ಲ" ಎಂದು ಅಳುವವರ ಹಾಗೆ ಕೇಳಿದರು. ದಾರಿಯುದ್ದಕ್ಕೂ ಅದನ್ನೇ ಕೇಳಿದರು. ನನ್ನನ್ನು ಕಳಿಸುವುದಕ್ಕೆ ಇವರಿಗೆ ಯಾಕಿಷ್ಟು ಆತುರ ಎಂದು ಆಗ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಆಮೇಲೆ, ಒಂದು ಬೆಳಿಗ್ಗೆ. ಹಿಂದಿನ ದಿನ ಗಾಳಿಗೆ ಕಂಬಗಳು ಬಿದ್ದಿದ್ದವೆಂದು ಮಗ ಬೆಳಕು ಹರಿಯುವ ಮುಂಚೆಯೇ ಹೊರಟುಹೋಗಿದ್ದ. ನಮ್ಮ ಯಜಮಾನರು ಎದ್ದಾಗ ಪಂಚೆ ಹಾಸಿಗೆ ಎಲ್ಲ ಕೊಳಕಾಗಿತ್ತು. ನಾನು ಹತ್ತಿರ ಹೋದರೆ ಹಿಂದೆ ಹಿಂದೆ ಸರಿದು ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಆ ಚಿಲಕ ತೆಗೆಸಬೇಕು ಎಂದು ಮಗ ಹೇಳುತ್ತಲೇ ಇದ್ದ. ಒಳಗೆ ತಣ್ಣೀರು ಸುರಿಯುವ ಸದ್ದು. ಅವರು ನಡುಗುತ್ತಾ ನರಳುವುದು ಕೇಳಿಸುತ್ತಿತ್ತು. "ರೀ, ಬಾಗಿಲು ತೆಗೀರಿ" ಅಂದೆ. ಅಳುತ್ತಾ ಬಡಿದೆ. ಕೊನೆಗೆ ಬಾಗಿಲಿಗೆ ಬಾಯಿಟ್ಟು ಗಟ್ಟಿಯಾಗಿ "ಮಾವ" ಅಂದೆ.

"ನೀ ಬರ್ಬ್ಯಾಡ ಕಣವ್ವ" ಎಂದಿತು ಒಳಗಿನ ದನಿ.

"ಯಾಕೆ ಮಾವ?"

"ನೀ ಇಂಗೆ ನನ್ನ ಹಿಂದ್ಮುಂದೆ ಓಡಾಡ್ತಿದ್ರೆ ಕಟ್ಬುಡ್ತಾರೆ. ನಮ್ಮವ್ವ ಆಗ್ಲೇ ಮಾತು ತೆಗ್ದವ್ಳೆ. ನಿನ್ನ ನಂಗೇ ಕೊಡ್ಬೇಕಂತೆ. ಅಕ್ಕನೂ ಊಂ ಅಂದ್ಬುಟ್ಟವ್ಳೆ."

ನಾನು ಬಾಗಿಲಿಗೆ ಕೈಯಿಟ್ಟು ನಿಂತೆ. "ನಿಂಗೆ ಇಷ್ಟ ಇಲ್ವಾ ಮಾವ?"

ನೀರು ನಿಂತಿತು. "ಎಗಲ್ ಮೇಲೆ ಒತ್ಕಂಡು ತಿರುಗ್ಸಿದ ಮಗ ನೀನು. ಎಂಗವ್ವ ತಾಳಿ ಕಟ್ಟದು? ನಂಗಾಗಾಕಿಲ್ಲ ಅಂತ ಯೋಳ್ದೆ. ಅವ್ವ ಊಟ ಬುಟ್ಟು ಕುಂತವ್ಳೆ. ನನ್ ಮಾತು ಯಾರೂ ಕೇಳಾಕಿಲ್ಲ. ನೀನೇ ಬ್ಯಾಡ ಅಂದ್ಬುಡು. ನೀನು ಓದ್ಬೇಕು ಮಗಾ, ಟೀಚರ್ ಆಗ್ಬೇಕು. ಬ್ಯಾಡ ಅಂದ್ಬುಡವ್ವ, ನಿನ್ ಕಾಲ್ ಇಡ್ಕತೀನಿ."

ಊಟ ಬಿಟ್ಟು ಕೂರುವುದು ನಮ್ಮಜ್ಜಿಯ ಚಾಳಿ ಹೌದು. ಹಾಗೆ ಕೂತು ಅವಳು ಸಾಧಿಸಿಕೊಳ್ಳದ ಕೆಲಸವಿರಲಿಲ್ಲ. ಹಠ ಹಿಡಿದದ್ದು ಯಾರು ಹಾಗಾದರೆ? ಈ ಕಾಯಿಲೆ ನಡೆಯದ್ದನ್ನೂ ಕಟ್ಟಿ ಹೇಳಿಸುತ್ತದೆ ಎಂದು ಡಾಕ್ಟರಮ್ಮ ಒಂದು ಸಲ ಹೇಳಿದ್ದರು. ಇದೂ ಹಾಗೆಯೇ ಇರಬಹುದು. ಅಜ್ಜಿ ಇಲ್ಲ, ಅವ್ವ ಇಲ್ಲ. ಗೊತ್ತಿರುವ ಮನುಷ್ಯ ಒಬ್ಬರೇ, ಬಾಗಿಲಿನ ಆಚೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದಾರೆ. ಅವರನ್ನು ಕೇಳುವ ಹಾಗಿಲ್ಲ. ಇಷ್ಟು ವರ್ಷ ಒಂದು ದಿನವೂ ಬಾಯಿ ಬಿಡಲಿಲ್ಲವಲ್ಲ! ಸಿಟ್ಟು ಬಂದಾಗಲೂ ಹೇಳಲಿಲ್ಲ. ಮಕ್ಕಳನ್ನು ಎತ್ತಿ ಆಡಿಸಿದರು, ನನ್ನ ಹೆರಿಗೆಯಲ್ಲಿ ಆಸ್ಪತ್ರೆಯ ಹೊರಗೆ ನಿಂತು ಅತ್ತರು, ನಾನು ಅಂಗನವಾಡಿಗೆ ಸೇರುವಾಗ ಊರೆಲ್ಲ ಓಡಾಡಿ ಸೇರಿಸಿದರು. ಅದೆಲ್ಲ ಏನು? ಒಪ್ಪಿಕೊಂಡಿದ್ದಾ, ಒಗ್ಗಿಕೊಂಡಿದ್ದಾ? ನನಗೆ ಇಷ್ಟವಿತ್ತು ಮಾವ, ನನಗೆ ಇಷ್ಟವಿತ್ತು ಎಂದು ಕಿರುಚಬೇಕು ಅನಿಸಿತು. ಕಿರುಚಿದ್ದರೆ ಆ ಚಿಲಕ ತೆಗೆಯುತ್ತಿರಲಿಲ್ಲ.

"ಆಯ್ತು ಮಾವ" ಅಂದೆ. "ನಾನು ಬ್ಯಾಡ ಅಂತೀನಿ."

"ನಿಜ್ವಾಗ್ಲೂ?"

"ನಿಜ್ವಾಗ್ಲೂ. ನಂಗೆ ಈ ಮದುವೆ ಬ್ಯಾಡ."

"ಅಕ್ಕನಾಣೆ?"

"ಅವ್ವನಾಣೆ."

ಚಿಲಕ ಸರಿಯಿತು. ಕೈ ಸೆಟೆದುಕೊಂಡು, ತುಟಿ ಕಪ್ಪಾಗಿ ನಿಂತಿದ್ದರು. ಬಿಸಿನೀರು ತಂದೆ. ಸ್ಟೂಲಿನ ಮೇಲೆ ಕೂತು ನನಗೆ ಬೆನ್ನು ಕೊಟ್ಟರು. ಈಗ ನಾಚಿಕೆಯಿರಲಿಲ್ಲ. ಕಟ್ಟಿಕೊಳ್ಳಬೇಕಾದ ಹೆಣ್ಣಲ್ಲ, ಬರೀ ಮಗು ತಾನೆ. "ಮೆಲ್ಗೆ ಉಯ್ಯಿ ಮಗಾ, ಕಣ್ಗೆ ನೀರು ಓಯ್ತದೆ" ಅಂದರು. ಮೆಲ್ಲಗೆ ಹುಯ್ದೆ. ನನ್ನ ಕಣ್ಣಿನ ನೀರನ್ನು ಅವರು ನೋಡುವ ಹಾಗಿರಲಿಲ್ಲ. ಅದೊಂದು ಅನುಕೂಲ.

ಮಾರನೆಯ ದಿನ ಅವರಿಗೆ ಏನೂ ನೆನಪಿರಲಿಲ್ಲ. ಮತ್ತೆ ಚಿಲಕ, ಮತ್ತೆ ಅದೇ ಹೆದರಿಕೆ. ಮಗ ಮನೆಯಲ್ಲಿದ್ದರೂ ಈಗ ಅವರಿಗೆ ಅವನು ಬೇಡ, ಬರಬರುತ್ತಾ ಅಪರಿಚಿತನಾಗಿದ್ದಾನೆ. ಅದಕ್ಕೆ ಬೆಳಿಗ್ಗೆ ನೀರು ಕಾಯಿಸಿಟ್ಟು ನಾನು ಮೊದಲು ಬಾಗಿಲ ಹೊರಗೆ ನಿಂತು ಹೇಳುತ್ತೇನೆ, "ಮಾವ, ನಾನು ಬ್ಯಾಡ ಅಂದ್ಬುಟ್ಟೆ. ಮದ್ವೆ ನಿಂತೋಯ್ತು." ಒಂದೊಂದು ದಿನ ಒಂದೇ ಸಲಕ್ಕೆ ನಂಬುತ್ತಾರೆ. ಒಂದೊಂದು ದಿನ ಆಣೆ ಮಾಡಿಸುತ್ತಾರೆ. ಅವತ್ತು ಮದುವೆ ಗೊತ್ತುಮಾಡುವಾಗ ನನ್ನನ್ನು ಒಬ್ಬರೂ ಕೇಳಲಿಲ್ಲ, ಈಗ ಇವರು ದಿನಾ ಕೇಳುತ್ತಾರೆ, ನಾನು ದಿನಾ ಇವರನ್ನು ಬೇಡ ಅನ್ನುತ್ತೇನೆ. ಆಮೇಲೆ ಒಳಗಿನಿಂದ "ಒಳ್ಳೇದಾಯ್ತು ಬುಡು ಮಗಾ, ಬದುಕ್ಕಂಡೆ ನೀನು" ಎಂದು ಚಿಲಕ ತೆಗೆಯುತ್ತಾರೆ.